ತವರಿಲ್ಲದವಳ ದೂರು

ಕರ್ನಾಟಕ ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷರಿಗೆ,

ಮಾನ್ಯರೇ,

ಗಂಡನ ಏಟು ತಾಳದೆ ಆಯೋಗದ ಮೆಟ್ಟಿಲು ಹತ್ತುವ ಹೆಂಗಸರನ್ನು ತಾವು ದಿನವೂ ನೋಡುತ್ತೀರಿ. ಜೊತೆಗೆ ಬಾಳುವ ಹೆಂಗಸಿನ ಏಟು ತಾಳದವಳು ಮಾತ್ರ ಅಲ್ಲಿಗೆ ಬರಲು ಹಿಂಜರಿಯುತ್ತಾಳೆ. ಬಂದರೂ ಹೊಡೆದವಳನ್ನು ‘ರೂಮ್‌ಮೇಟ್’ ಎಂದಷ್ಟೇ ಹೇಳುತ್ತಾಳೆ. ಅವಳ ಪರವಾಗಿ ಈ ಪತ್ರ.

ಶುರುವಿನಲ್ಲಿ ಸಂಗಾತಿಯ ನಡೆ ಹಿಡಿತ ಅನ್ನಿಸುವುದೇ ಇಲ್ಲ. ‘ನನಗಿರೋದು ನೀನೊಬ್ಬಳೇ’ ಎಂಬ ಮಾತು ಗಂಡುಹೆಣ್ಣಿನ ನಡುವೆ ಬಂದರೆ ಸಿನಿಮಾ ಡೈಲಾಗು. ಇಲ್ಲಿ ಹೆಚ್ಚುಕಡಿಮೆ ನಿಜ. ಮನೆಯವರಿಗೆ ಗೊತ್ತಿಲ್ಲ, ಆಫೀಸಿನಲ್ಲಿ ಹೇಳಿಲ್ಲ. ಹಾಗಾಗಿ ಗಂಟೆಗೊಮ್ಮೆ ಬರುವ ಫೋನು ಕಾಳಜಿಯಂತೆ ಕಾಣುತ್ತದೆ. ಆಮೇಲೆ ಪಾಸ್‌ವರ್ಡು, ಲೊಕೇಶನ್ನು, ಎಟಿಎಂ ಕಾರ್ಡು. ಹಳೆಯ ಗೆಳತಿಯರು ಒಬ್ಬೊಬ್ಬರಾಗಿ ಉದುರುತ್ತಾರೆ. ಕೊನೆಗೊಂದು ದಿನ ‘ನಾನು ಹೋಗ್ತೀನಿ’ ಅಂದರೆ ಉತ್ತರ ಸಿದ್ಧವಿರುತ್ತದೆ: ‘ಹೋಗು. ನಿಮ್ಮಪ್ಪಂಗೆ ಫೋಟೋ ಕಳಿಸ್ತೀನಿ.’

ಈ ಒಂದು ಮಾತಿಗೆ ಅಷ್ಟು ಬಲ ಬಂದದ್ದು ಎಲ್ಲಿಂದ? ಗಂಡನನ್ನು ಬಿಟ್ಟು ಬಂದವಳಿಗೆ, ಹಂಗಿಸಿಯಾದರೂ ಅನ್ನ ಹಾಕುವ ತವರು ಇದ್ದೀತು. ಇವಳಿಗೆ ತವರೇ ಬೆದರಿಕೆ. ವಿಷಯ ತಿಳಿದೊಡನೆ ಮಗಳನ್ನು ಕೋಣೆಯಲ್ಲಿ ಕೂಡಿಹಾಕಿ ಗಂಡು ಹುಡುಕುವ ಮನೆಗಳು ನಮ್ಮಲ್ಲಿವೆ. ಬೆದರಿಸುವವಳ ಕೈಗೆ ಆಯುಧ ಕೊಟ್ಟವರು ನಾವೇ.

ಬಾಡಿಗೆ ಕರಾರು ಒಬ್ಬಳ ಹೆಸರಿನಲ್ಲಿರುತ್ತದೆ. ಮನೆ ಓನರಿಗೆ ‘ಚಿಕ್ಕಮ್ಮನ ಮಗಳು’ ಎಂದು ಇಬ್ಬರೂ ಸೇರಿಯೇ ಹೇಳಿರುತ್ತಾರೆ. ರಾತ್ರಿ ಪಾತ್ರೆ ಬಿದ್ದ ಸದ್ದಾದರೆ ಅಕ್ಕತಂಗಿ ಜಗಳ ಎಂದುಕೊಂಡು ಪಕ್ಕದವರು ಕದ ಹಾಕಿಕೊಳ್ಳುತ್ತಾರೆ. ಠಾಣೆಗೆ ಹೋದರೆ ‘ನಿಮ್ಮಿಬ್ಬರಲ್ಲಿ ಗಂಡು ಯಾರು?’ ಎಂಬ ಪ್ರಶ್ನೆ. (‘ಅವಳೂ ಹೆಂಗಸೇ ತಾನೆ, ತಿರುಗಿ ಎರಡು ಬಿಡೋದಲ್ವಾ’ ಎಂಬ ಸಲಹೆ ಬಿಟ್ಟಿ.) ಅಷ್ಟರಲ್ಲಿ ಅಪ್ಪನ ನಂಬರು ಕೇಳಿಯಾಗಿರುತ್ತದೆ.

ಇನ್ನು ಕಾನೂನು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅಪರಾಧವಲ್ಲ, ಸರಿ, ಸಂಬಂಧವೆಂದು ಲೆಕ್ಕಕ್ಕೂ ಬರಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಏಟಿನ ಜೊತೆಗೆ ಬೈಗುಳ, ಮಾನಸಿಕ ಹಿಂಸೆ, ಹಣ ಕಿತ್ತುಕೊಳ್ಳುವುದನ್ನೂ ದೌರ್ಜನ್ಯ ಎನ್ನುತ್ತದೆ. ದೂರು ‘ವಯಸ್ಕ ಪುರುಷ’ನ ಮೇಲೇ ಇರಬೇಕೆಂಬ ಷರತ್ತನ್ನು 2016ರಲ್ಲಿ ಹಿರಲ್ ಹರ್ಸೋರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೊಡೆದುಹಾಕಿತು. ಆದರೆ ತಾಳಿ ಕಟ್ಟದ ಜೋಡಿಯಾದರೆ ಸಂಬಂಧ ‘ಮದುವೆಯ ಸ್ವರೂಪದ್ದು’ ಆಗಿರಬೇಕು. ಅದಕ್ಕೆ ಇಬ್ಬರೂ ಕಾನೂನಿನ ಪ್ರಕಾರ ಮದುವೆಗೆ ಅರ್ಹರಿರಬೇಕು ಎಂದು ಸುಪ್ರೀಂ ಕೋರ್ಟಿನ 2010ರ ವೇಲುಸಾಮಿ ತೀರ್ಪು ಹೇಳಿದೆ. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟಿನಿಂದ ಸಲಿಂಗಿಗಳಿಗೆ ಮದುವೆಯ ಹಕ್ಕು ಸಿಗಲಿಲ್ಲ. ಅಲ್ಲಿಗೆ ಕದ ಬಹುತೇಕ ಮುಚ್ಚಿತು. ಬೆನ್ನು ಹತ್ತಿ ಕಾಡುವವರನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಕೂಡ ಕಾಡುವವನು ಗಂಡಸಾದರೆ ಮಾತ್ರ ಅನ್ವಯ. ಇಂಗ್ಲೆಂಡಿನಲ್ಲಿ 2015ರ ಕಾಯ್ದೆ ಸಂಗಾತಿಯನ್ನು ಸದಾ ಅಂಕೆಯಲ್ಲಿಟ್ಟು ನರಳಿಸುವುದನ್ನೇ ಅಪರಾಧವೆನ್ನುತ್ತದೆ, ಗಂಡು ಹೆಣ್ಣು ಎಂದು ನೋಡುವುದಿಲ್ಲ.

ಸಲಿಂಗಿ ಸಮುದಾಯದ ನಮ್ಮವರೂ ಈ ಹಿಂಸೆಯ ಬಗ್ಗೆ ಬಾಯಿ ಬಿಡುವುದಿಲ್ಲ. ‘ನೋಡಿ, ಇವರ ಬಾಳೇ ಹೀಗೆ’ ಎಂದು ಆಡಿಕೊಳ್ಳುವವರು ಕಾದಿರುವಾಗ ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಮೌನದಿಂದ ಲಾಭ ಹೊಡೆಯುವವಳಿಗೇ.

ಕಾಯ್ದೆ ಕೇಂದ್ರದ್ದು ಎಂಬ ಉತ್ತರ ಬರಬಹುದು. ತಿದ್ದುಪಡಿಗೆ ಶಿಫಾರಸು ಮಾಡಲು ಆಯೋಗಕ್ಕೆ ಅದು ಅಡ್ಡಿಯಾಗದು. ಅದಕ್ಕೂ ಮೊದಲು ಆಗಬೇಕಾದ ಕೆಲಸ ಸಣ್ಣದು. ಇಂಥ ದೂರನ್ನು ವಾಪಸು ಕಳಿಸದೆ, ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರ ಮುಂದಿಡುವಂತೆ ಸಂರಕ್ಷಣಾಧಿಕಾರಿಗಳಿಗೆ ಹೇಳಿಸಿ. ನಿಲ್ಲುತ್ತದೋ ಇಲ್ಲವೋ ನ್ಯಾಯಾಲಯ ತೀರ್ಮಾನಿಸಲಿ. 2020ರಲ್ಲಿ ಒಡಿಶಾ ಹೈಕೋರ್ಟ್ ಟ್ರಾನ್ಸ್ ಪುರುಷನೊಬ್ಬನ ಸಂಗಾತಿಗೆ ಇದೇ ಕಾಯ್ದೆಯ ರಕ್ಷಣೆ ಇದೆ ಎಂದಿದೆ. ಫೋಟೋ ತೋರಿಸಿ ಹೆದರಿಸಿದರೆ ಸಂಹಿತೆಯ 351ನೇ ಕಲಮು ಹೆಣ್ಣಿಗೂ ಅನ್ವಯಿಸುತ್ತದೆಂದು ಠಾಣೆಗಳಿಗೆ ನೆನಪಿಸಿ. 181 ಸಹಾಯವಾಣಿಯವರಾಗಲಿ, ಸಖಿ ಕೇಂದ್ರದವರಾಗಲಿ ಅವಳ ಒಪ್ಪಿಗೆಯಿಲ್ಲದೆ ಊರಿಗೆ ಫೋನ್ ಮಾಡಕೂಡದು ಎಂದು ಬರಹದಲ್ಲಿ ಕೊಡಿ. ಆ ಸುತ್ತೋಲೆಯನ್ನು ಪತ್ರಿಕೆಗಳಿಗೂ ಕಳಿಸಿ. ಫೋನನ್ನು ಇನ್ನೊಬ್ಬಳು ತಪಾಸಣೆ ಮಾಡುವ ಮನೆಗಳಲ್ಲಿ ಸುದ್ದಿ ಮುಟ್ಟಬೇಕಾದದ್ದು ಪೇಪರಿನಿಂದಲೇ.

ಇತಿ,
ಲೈಂಗಿಕ ಅಲ್ಪಸಂಖ್ಯಾತರ ನಡುವೆ ಬಾಳುವ ಒಬ್ಬಳು