ಹನ್ನೊಂದು ನಿಮಿಷ ಕಿವಿ ತೆರೆದಿರಲಿ

ವಿಮಾನ ಮೇಲೇರುವಾಗ ಮತ್ತು ಇಳಿಯುವಾಗ ಪ್ರಯಾಣಿಕರು ಮೊಬೈಲು, ಲ್ಯಾಪ್‌ಟಾಪು, ಇಯರ್‌ಫೋನುಗಳನ್ನು ಬಳಸಬಹುದೇ ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. 'ಬಳಸಿದರೆ ವಿಮಾನ ಬಿದ್ದೇಹೋಗುತ್ತದೆ' ಎಂಬುದು ಒಂದು. 'ಏನೂ ಆಗುವುದಿಲ್ಲ, ಅದೆಲ್ಲ ಹಳೆಯ ಕಾಲದ ಭಯ' ಎಂಬುದು ಇನ್ನೊಂದು. ಮೊದಲನೆಯದು ಅಜ್ಞಾನ, ಎರಡನೆಯದು ಉಡಾಫೆ. ಆದರೆ ಎರಡರ ದೋಷವೂ ಒಂದೇ. ಯಂತ್ರಕ್ಕೆ ಏನಾದೀತು ಎಂದು ಮಾತ್ರ ಅವು ಯೋಚಿಸುತ್ತವೆ. ಅದರೊಳಗೆ ಕುಳಿತ ಮನುಷ್ಯನಿಗೆ ಏನಾದೀತು ಎಂದು ಯೋಚಿಸುವುದಿಲ್ಲ. ಆ ಕೆಲವು ನಿಮಿಷ ಉಪಕರಣಗಳನ್ನು ಬದಿಗಿಡಲೇಬೇಕು ಎಂಬುದು ನಮ್ಮ ನಿಲುವು. ಅದಕ್ಕೆ ನಾವು ಕೊಡುವ ಕಾರಣ ಮಾತ್ರ ರೇಡಿಯೊ ತರಂಗವಲ್ಲ, ಮನುಷ್ಯನ ಗಮನ.

ನಿಷೇಧದ ಹುಟ್ಟು ರೇಡಿಯೊದಲ್ಲಿಯೇ ಇದೆ ಎಂಬುದು ನಿಜ. 1960ರ ದಶಕದಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಪ್ರಯಾಣಿಕರು ಎಫ್‌ಎಂ ರೇಡಿಯೊ ಹಚ್ಚುವುದನ್ನು ತಡೆಯಿತು. ಆ ಪುಟ್ಟ ಪೆಟ್ಟಿಗೆಯೊಳಗೆ ಹುಟ್ಟುವ ತರಂಗಗಳು ವಿಮಾನಕ್ಕೆ ದಾರಿ ತೋರುವ ಸಂಕೇತಗಳ ಜೊತೆ ಬೆರೆಯುವ ಸಾಧ್ಯತೆ ಇತ್ತು. ಮುಂದೆ ಬಂದ ಎಲ್ಲ ಉಪಕರಣಗಳಿಗೂ ಅದೇ ಅನುಮಾನ ಅಂಟಿಕೊಂಡಿತು. ಇತ್ತ ವಿಮಾನಗಳು ಬದಲಾದವು, ಅವುಗಳ ರಕ್ಷಾಕವಚ ಬಲವಾಯಿತು. 2013ರ ಅಕ್ಟೋಬರಿನಲ್ಲಿ ಅಮೆರಿಕ, ಅದರ ಬೆನ್ನಿಗೇ ಯುರೋಪು, 2014ರಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಹೀಗೆ ಒಂದೊಂದಾಗಿ ಎಲ್ಲರೂ ನಿರ್ಬಂಧ ಸಡಿಲಿಸಿದರು. ಫ್ಲೈಟ್ ಮೋಡ್‌ನಲ್ಲಿದ್ದರೆ ಏರುವಾಗ ಇಳಿಯುವಾಗಲೂ ಮೊಬೈಲನ್ನು ಬಳಸಬಹುದು ಎಂದಾಯಿತು.

ಹಾಗೆಂದು ಫ್ಲೈಟ್ ಮೋಡ್ ಬರಿಯ ಶಾಸ್ತ್ರವಾಗಿ ಉಳಿದಿದೆ ಎಂದುಕೊಳ್ಳಬಾರದು. ನೆಲ ಎಷ್ಟು ಹತ್ತಿರ ಬಂತೆಂದು ಪೈಲಟ್‌ಗೆ ತಿಳಿಸುವ ರೇಡಿಯೊ ಎತ್ತರಮಾಪಕ 4.2ರಿಂದ 4.4 ಗಿಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ಅದಕ್ಕೆ ಸಮೀಪದ ತರಂಗಗಳಲ್ಲಿ 5ಜಿ ಸೇವೆ ಬಂದಾಗ ಅಮೆರಿಕದಲ್ಲಿ ದೊಡ್ಡ ವಿವಾದವೇ ಎದ್ದಿತು. ನಮ್ಮ ದೂರಸಂಪರ್ಕ ಇಲಾಖೆಯೂ 2022ರ ನವೆಂಬರಿನಲ್ಲಿ ರನ್‌ವೇಗಳ ಎರಡು ತುದಿಗಳಿಂದ 2.1 ಕಿಲೋಮೀಟರಿನೊಳಗೆ ಅಂಥ 5ಜಿ ಕೇಂದ್ರಗಳನ್ನು ನಿಲ್ಲಿಸಬೇಡಿ ಎಂದು ಕಂಪನಿಗಳಿಗೆ ಸೂಚಿಸಿತು. ಆದರೆ ಇವೆಲ್ಲ ಎಂಜಿನಿಯರುಗಳು ಅಳೆದು ಸುರಿದು ನಿಭಾಯಿಸುವ ಸಂಗತಿಗಳು. ಪ್ರಯಾಣಿಕನ ಪಾಲಿಗೆ ಉಳಿಯುವುದು ಒಂದು ಗುಂಡಿ ಒತ್ತುವ ಕೆಲಸ. ಅದನ್ನು ಮಾಡದವರ ಬಗೆಗೆ ನಮಗೆ ಹೇಳಲು ಹೆಚ್ಚೇನೂ ಇಲ್ಲ. ಅದು ಸೋಮಾರಿತನ, ಅಷ್ಟೆ.

ನಮ್ಮ ಜಗಳ ಗುಂಡಿ ಒತ್ತಿದ ಮೇಲೆ ತನ್ನ ಕರ್ತವ್ಯ ಮುಗಿಯಿತು ಎಂದು ಎರಡೂ ಕಿವಿ ಮುಚ್ಚಿಕೊಳ್ಳುವವರೊಂದಿಗೆ.

ಏರುವ ಮೊದಲ 3 ನಿಮಿಷ, ಇಳಿಯುವ ಕೊನೆಯ 8 ನಿಮಿಷ: ವಿಮಾನಯಾನದವರು ಹೆಚ್ಚಿನ ಎಚ್ಚರ ಬೇಕೆಂದು ಎಣಿಸುವುದು ಈ 11 ನಿಮಿಷಗಳನ್ನು. ಆ ಹೊತ್ತಿನಲ್ಲಿ ಸಿಬ್ಬಂದಿ ನಮ್ಮಿಂದ ಏನೇನು ಮಾಡಿಸುತ್ತಾರೆ ನೋಡಿ. ಕಿಟಕಿಯ ಮುಚ್ಚಳ ಮೇಲೆತ್ತಿಸುತ್ತಾರೆ, ಹೊರಗಿನ ಬೆಂಕಿ ಹೊಗೆ ಒಳಗಿನವರಿಗೆ ಕಾಣಲೆಂದು. ರಾತ್ರಿಯಾದರೆ ದೀಪ ಮಂಕಾಗಿಸುತ್ತಾರೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು. ಆಸನ ನೇರ, ಮುಂದಿನ ಹಲಗೆ ಮಡಚಿರಬೇಕು, ಪಕ್ಕದವರು ಎದ್ದು ಓಡಲು ದಾರಿ ಇರಲೆಂದು. ಇಷ್ಟೆಲ್ಲ ಏರ್ಪಾಡು ನಡೆದಿರುವುದು ನಮ್ಮ ಕಣ್ಣು, ಕಿವಿ, ಕಾಲು ಎಚ್ಚರವಾಗಿರಲಿ ಎಂದು. ಹೀಗಿರುವಾಗ ಮುಚ್ಚಳ ಎತ್ತಿದ ಕಿಟಕಿಯ ಪಕ್ಕದಲ್ಲೇ ಕುಳಿತು ಪರದೆಯ ಮೇಲಿನ ಸಿನಿಮಾದಲ್ಲಿ ಕಣ್ಣು ನೆಟ್ಟು, ಹೊರಗಿನ ಸದ್ದನ್ನೇ ಅಡಗಿಸುವ ಇಯರ್‌ಫೋನು ತುರುಕಿಕೊಂಡವರನ್ನು ಏನೆನ್ನಬೇಕು? ಹೊಸ ವಿಮಾನದ ಮಾದರಿಯೊಂದಕ್ಕೆ ಒಪ್ಪಿಗೆ ಸಿಗಬೇಕಾದರೆ ಅರ್ಧ ಬಾಗಿಲುಗಳನ್ನಷ್ಟೇ ಬಳಸಿ ಎಲ್ಲರೂ 90 ಸೆಕೆಂಡಿನಲ್ಲಿ ಹೊರಬರಬಹುದೆಂದು ತೋರಿಸಬೇಕು. ಇಯರ್‌ಫೋನು ತೆಗೆದು 'ಏನಾಯಿತು?' ಎಂದು ಪಕ್ಕದವರನ್ನು ಕೇಳುವ ಹೊತ್ತನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸಿಲ್ಲ.

2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ, ರನ್‌ವೇಯಲ್ಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಕರಾವಳಿ ಪಡೆಯ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಜೀವಸಹಿತ ಹೊರಬಂದರು. ಎಂಟು ಬಾಗಿಲುಗಳಲ್ಲಿ ಬಳಸಲು ಸಿಕ್ಕಿದ್ದು ಮೂರು. ಪ್ರಕಟಣೆ ಮಾಡುವ ಧ್ವನಿವರ್ಧಕ ಕೆಟ್ಟುಹೋಗಿತ್ತು. ಸಿಬ್ಬಂದಿ ಕೈಯಲ್ಲಿ ಹಿಡಿಯುವ ಮೆಗಾಫೋನಿನಿಂದಲೂ ಬರಿಗಂಟಲಿನಿಂದಲೂ ಕೂಗಿ ಕೂಗಿ ಜನರನ್ನು ಹೊರಡಿಸಿದರು. ಅಷ್ಟು ಜೀವ ಉಳಿದದ್ದು ಮನುಷ್ಯರ ಕೂಗು ಮನುಷ್ಯರ ಕಿವಿ ತಲುಪಿದ್ದರಿಂದ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ದುಬೈಗೆ ಹೋಗಿ ನೆಲಕ್ಕೆ ಅಪ್ಪಳಿಸಿದ ಎಮಿರೇಟ್ಸ್ ವಿಮಾನದ ದೃಶ್ಯವನ್ನೂ ನೆನೆಯಬೇಕು. ಒಳಗಿದ್ದ 300 ಮಂದಿಯೂ ಬದುಕಿದರು, ಬೆಂಕಿ ಆರಿಸಲು ಬಂದ ಒಬ್ಬರು ಸತ್ತರು. ಹೊಗೆಯ ನಡುವೆ ಮೇಲಿನ ಚೀಲಗಳಿಗಾಗಿ ತಡಕಾಡುತ್ತಿದ್ದವರನ್ನು ಯಾರದೋ ಮೊಬೈಲು ಚಿತ್ರಿಸುತ್ತಿತ್ತು. ಅದೃಷ್ಟ ಕಾಯ್ದದ್ದಕ್ಕೆ ಆ ನಡತೆ ಸರಿಯಾಗಿಬಿಡುವುದಿಲ್ಲ.

ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2010ರ ಮೇ 22ರ ಬೆಳಗ್ಗೆ ಮಂಗಳೂರಿನ ಬಜ್ಪೆಯಲ್ಲಿ 158 ಜೀವಗಳು ಹೋದವು. ಆ ದುರಂತಕ್ಕೂ ಪ್ರಯಾಣಿಕರ ಮೊಬೈಲಿಗೂ ಸಂಬಂಧವಿಲ್ಲ; ಸತ್ತವರ ಮೇಲೆ ಆ ಹೊರೆ ಹೊರಿಸುವುದು ಪಾಪ. ಆದರೆ ಬದುಕಿದ ಎಂಟು ಮಂದಿ ಒಡೆದ ಒಡಲಿನ ಬಿರುಕಿನಿಂದ ಹೊರಬಂದರು ಎಂಬುದನ್ನು ಮರೆಯಬಾರದು. ಬದುಕಿನ ಬಾಗಿಲು ತೆರೆದಿರುವುದು ಕೆಲವೇ ಕ್ಷಣ.

ನಮಗೆ ಎದುರುವಾದಗಳು ತಿಳಿಯದೆ ಇಲ್ಲ. ಪುಸ್ತಕ ಓದುವವನಿಗೇಕೆ ವಿನಾಯಿತಿ ಎನ್ನುತ್ತಾರೆ. ಪುಸ್ತಕ ಕಿವಿ ಮುಚ್ಚುವುದಿಲ್ಲ. ನಿದ್ದೆ ಮಾಡುವವನೋ ಎನ್ನುತ್ತಾರೆ. ನಿದ್ದೆಯವನು ಕೂಗಿಗೆ ಏಳುತ್ತಾನೆ. ಕೂಗನ್ನೇ ತಡೆಯುವ ಯಂತ್ರ ಕಿವಿಯಲ್ಲಿದ್ದವನು ಏಳುವುದು ತಡವಾದೀತು. ಅಳುವ ಮಗುವಿಗೆ ಕಾರ್ಟೂನು ತೋರಿಸಬಾರದೇ? ಧಾರಾಳವಾಗಿ ತೋರಿಸಲಿ, ತಾಯಿಯ ಕಿವಿ ತೆರೆದಿದ್ದರೆ ಸಾಕು. ಅಪಘಾತಗಳು ಅಪರೂಪವಲ್ಲವೇ? ಹೌದು, ಅಪರೂಪ. ಇಂಥ ಸಣ್ಣ ಶಿಸ್ತುಗಳನ್ನು ಲಕ್ಷಾಂತರ ಸಲ ತಪ್ಪದೆ ಪಾಲಿಸಿದ್ದರಿಂದಲೇ ಅಪರೂಪ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ಆಕಾಶದಲ್ಲಿ ಎಡೆಯಿಲ್ಲ.

ಇನ್ನೊಂದು ಮಾತಿದೆ, ಹೊರನಾಡಿನಲ್ಲಿರುವ ನಮಗೇ ಹೆಚ್ಚು ಸಲ್ಲುವಂಥದು. ಮಕ್ಕಳ ಮನೆಗೆಂದು ಮುಂಬೈಗೋ ದೆಹಲಿಗೋ ಹೊರಟ ಹಿರಿಯರಲ್ಲಿ ಎಷ್ಟೋ ಮಂದಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ವಿಮಾನದಲ್ಲಿ ಪ್ರಕಟಣೆ ಸಾಮಾನ್ಯವಾಗಿ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಅರ್ಥವಾಗದ ಮಾತು ಕೇಳಿದಾಗ ಅವರು ಪಕ್ಕದವರ ಮುಖ ನೋಡುತ್ತಾರೆ. ಆ ಪಕ್ಕದವರು ನಾವಾಗಿದ್ದು ನಮ್ಮ ಕಿವಿ ಮುಚ್ಚಿದ್ದರೆ ಆ ಹಿರಿಯರಿಗೆ ಯಾರು ದಿಕ್ಕು? ನಮ್ಮ ಕಿವಿಯನ್ನು ನಾವು ಮುಚ್ಚಿಕೊಂಡರೆ ಯಾರಿಗೇನು ನಷ್ಟ ಎನ್ನುವವರು ಇದಕ್ಕೆ ಉತ್ತರ ಹೇಳಲಿ. ನಾಲ್ಕು ಭಾಷೆ ಬಲ್ಲವನಿಗೆ ಆ 11 ನಿಮಿಷ ಎರಡು ಕಿವಿ ಸಾಲವು. ಅವನು ಪಕ್ಕದವರಿಗಾಗಿಯೂ ಕೇಳಿಸಿಕೊಳ್ಳಬೇಕು.

ಹಾಗೆಂದು ವಿಮಾನ ಸಂಸ್ಥೆಗಳನ್ನು ನಾವು ಬಿಡುವುದಿಲ್ಲ. ದಶಕಗಳ ಕಾಲ 'ಆಫ್ ಮಾಡಿ' ಎಂದರೇ ಹೊರತು ಏಕೆಂದು ಹೇಳಲಿಲ್ಲ. ಕಾರಣ ಹೇಳದ ಆಜ್ಞೆಯನ್ನು ಜನ ಮೊದಲು ಹೆದರಿ ಪಾಲಿಸುತ್ತಾರೆ, ಆಮೇಲೆ ನಕ್ಕು ಮುರಿಯುತ್ತಾರೆ. ತರಂಗಗಳ ಭಯ ಹೋದದ್ದೇ ತಡ, ಗಮನದ ಶಿಸ್ತೂ ಅದರ ಜೊತೆಗೇ ಹೋಯಿತು. ಇನ್ನಾದರೂ ನಿಜವಾದ ಕಾರಣ ಹೇಳಲಿ: 'ನಾವು ಕೂಗಿದರೆ ನಿಮಗೆ ಕೇಳಿಸಬೇಕು, ಇಯರ್‌ಫೋನು ತೆಗೆಯಿರಿ.' ಕರ್ನಾಟಕದಿಂದ ಹೊರಡುವ, ಕರ್ನಾಟಕಕ್ಕೆ ಬರುವ ವಿಮಾನಗಳಲ್ಲಿ ಈ ಮಾತನ್ನು ಕನ್ನಡದಲ್ಲಿಯೂ ಹೇಳಲಿ. ಸುರಕ್ಷತೆಯ ಮಾತು ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಕೇಳುವುದು ಭಾಷಾಭಿಮಾನವಷ್ಟೇ ಅಲ್ಲ, ಪ್ರಾಣದ ಪ್ರಶ್ನೆ.

ನಾವು ಕೇಳುತ್ತಿರುವುದು ದೊಡ್ಡ ತ್ಯಾಗವನ್ನೇನಲ್ಲ. ಲ್ಯಾಪ್‌ಟಾಪು ಚೀಲದೊಳಗೆ, ಮೊಬೈಲು ಫ್ಲೈಟ್ ಮೋಡ್‌ನಲ್ಲಿ ಜೇಬಿನೊಳಗೆ, ಇಯರ್‌ಫೋನು ಅದರ ಡಬ್ಬಿಯೊಳಗೆ. ಕಾನೂನು ಬಳಸಲು ಬಿಟ್ಟಿದೆ ಎಂಬ ಮಾತ್ರಕ್ಕೆ ಬಳಸಲೇಬೇಕಾಗಿಲ್ಲ. ಸಿಬ್ಬಂದಿಯ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕಾದರೆ ಮೊದಲು ಕಿವಿ ಖಾಲಿ ಇರಬೇಕು.