ಭಯ ಇಳಿಯಿತು, ದರ ಇಳಿಯಲಿಲ್ಲ

ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ದಟ್ಟಣೆ ಇರುವ ನಗರ ಬೆಂಗಳೂರು ಎಂದು ಟಾಮ್‌ಟಾಮ್ ಸಂಸ್ಥೆ 2019ರ ಲೆಕ್ಕ ಮುಂದಿಟ್ಟು ಹೇಳಿದ್ದು 2020ರ ಜನವರಿಯಲ್ಲಿ. ಎರಡೇ ತಿಂಗಳಲ್ಲಿ ಕೊರೊನಾ ಬಂದು ಅಲ್ಲಿನ ಸಿಲ್ಕ್ ಬೋರ್ಡ್ ಜಂಕ್ಷನ್ ಖಾಲಿಯಾಯಿತು. ಮಾರ್ಚ್ 22ರ ಜನತಾ ಕರ್ಫ್ಯೂ, 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಸಾರಿದ ಪ್ರಧಾನಿಯ ಭಾಷಣ, ಆಮೇಲಿನ ನಿಶ್ಶಬ್ದ ಎಲ್ಲರಿಗೂ ನೆನಪಿದೆ. ಆ ನಿಶ್ಶಬ್ದದಲ್ಲಿ ಭವಿಷ್ಯ ನುಡಿಯುವವರಿಗೆ ಒಳ್ಳೆಯ ಬಿಡುವು ಸಿಕ್ಕಿತು. ಇನ್ನು ಮುಂದೆ ಆಫೀಸೇ ಬೇಡ, ಮನೆಯೇ ಸಾಕು. ನಗರಗಳು ಕರಗಿ ಊರುಗಳು ತುಂಬುತ್ತವೆ. ಜನ ಸೈಕಲ್ ಹತ್ತುತ್ತಾರೆ. ನೂಕುನುಗ್ಗಲಿನ ಬಸ್ಸನ್ನು ಇನ್ನು ಯಾರೂ ಹತ್ತುವುದಿಲ್ಲ. ಹೀಗೆ ಬರೆದವರಲ್ಲಿ ಪತ್ರಿಕೆಗಳವರೂ ಇದ್ದೆವು, ನಗರ ಯೋಜನೆಯ ಪಂಡಿತರೂ ಇದ್ದರು.

ಐದು ವರ್ಷ ದಾಟಿದ ಮೇಲೆ ಈಗ ಹಿಂದಿರುಗಿ ನೋಡಿದರೆ ಈ ಭವಿಷ್ಯವಾಣಿಗಳಲ್ಲಿ ಹೆಚ್ಚಿನವು ಸುಳ್ಳಾಗಿವೆ. ಜನ ರೋಗಕ್ಕೆ ಹೆದರಿದ್ದು ನಿಜ, ಆದರೆ ಆ ಹೆದರಿಕೆ ಬಹುಬೇಗ ಕರಗಿತು. ಕರಗದೆ ಉಳಿದದ್ದು ಆ ದಿನಗಳಲ್ಲಿ ತಾತ್ಕಾಲಿಕ ಎಂದು ಹೊರಟ ಆದೇಶಗಳು. ಯಾವ ರೈಲು ಓಡಬೇಕು, ಯಾವ ಟ್ರಿಪ್ ರದ್ದಾಗಬೇಕು, ಯಾರಿಗೆ ರಿಯಾಯಿತಿ ನಿಲ್ಲಬೇಕು ಎಂದು ಕಚೇರಿಗಳಲ್ಲಿ ಬರೆದಿಟ್ಟ ಸಾಲುಗಳೇ ಇವತ್ತಿಗೂ ನಮ್ಮ ಓಡಾಟವನ್ನು ಆಳುತ್ತಿವೆ.

ಆಗ ನಿಂತದ್ದು ಎಷ್ಟು ದೊಡ್ಡದು ಎಂಬುದನ್ನು ಮೊದಲು ನೆನೆಯಬೇಕು. 1974ರ ಮೇ ತಿಂಗಳಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದ ರೈಲ್ವೆ ಮುಷ್ಕರ ಇಪ್ಪತ್ತು ದಿನ ನಡೆದಾಗಲೂ ಅಲ್ಲೊಂದು ಇಲ್ಲೊಂದು ರೈಲು ಓಡಿತ್ತು. 2020ರ ಮಾರ್ಚ್‌ನಲ್ಲಿ ಮಾತ್ರ ದೇಶದ ಅಷ್ಟೂ ಪ್ರಯಾಣಿಕ ರೈಲುಗಳು ನಿಂತವು. 1853ರಿಂದ ಈಚೆಗೆ ಹಾಗೆ ಆಗಿರಲಿಲ್ಲ. ನಮ್ಮ ಮೆಟ್ರೊ ಐದು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿತ್ತು, ಮತ್ತೆ ಓಡಿದ್ದು ಸೆಪ್ಟೆಂಬರ್ 7ಕ್ಕೆ. ಒಳನಾಡಿನ ವಿಮಾನಗಳು ಮೇ 25ಕ್ಕೆ ಹಾರಿದವು, ವಿದೇಶದ ನಿಗದಿತ ವಿಮಾನಗಳಿಗೆ 2022ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಎಲ್ಲ ನಿಂತಾಗಲೂ ನಡೆದವರು ಇದ್ದರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಕಟ್ಟಡ ಕಾರ್ಮಿಕರು ಗಂಟುಮೂಟೆ ಹೊತ್ತು ಹೆದ್ದಾರಿ ಹಿಡಿದರು. ಮೇ ಮೊದಲ ವಾರದಲ್ಲಿ ಸರ್ಕಾರ ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಕೆಲವು ದಿನ ಪುಕ್ಕಟೆ ಬಿಟ್ಟಾಗ ಮೆಜೆಸ್ಟಿಕ್‌ನಲ್ಲಿ ಸೇರಿದ ಜನಸಂದಣಿ ನೋಡಿದವರಿಗೆ, ಈ ನಗರ ಯಾರ ರಟ್ಟೆಯ ಮೇಲೆ ನಿಂತಿತ್ತು ಎಂಬುದು ಹೊಸದಾಗಿ ತಿಳಿಯಿತು. ಹೊರ ರಾಜ್ಯದವರಿಗಾಗಿ ಹೊರಟಿದ್ದ ಶ್ರಮಿಕ ವಿಶೇಷ ರೈಲುಗಳನ್ನು ಮೇ 5ರಂದು, ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಮೇಲೆ, ರಾಜ್ಯ ಸರ್ಕಾರ ರದ್ದು ಮಾಡಿತು. ಕೆಲಸ ಶುರುವಾಗುತ್ತಿದೆ, ಆಳುಗಳು ಬೇಕು ಎಂಬುದು ಒಳಗುಟ್ಟು. ಛೀಮಾರಿ ಬಿದ್ದ ಮೇಲೆ ರೈಲುಗಳು ಮತ್ತೆ ಹೊರಟವು. ಆ ಕೆಲವು ದಿನಗಳ ಅವಧಿಗೆ ಮನುಷ್ಯನ ಸಂಚಾರದ ಹಕ್ಕು ಗುತ್ತಿಗೆದಾರನ ಮಸ್ಟರ್ ರೋಲಿಗೆ ಅಡವಾಗಿತ್ತು ಎಂದರೆ ಅದು ಕಟುಮಾತಲ್ಲ.

ಗಡಿಯಲ್ಲಿ ಇನ್ನೊಂದು ಪಾಠ. ಕಾಸರಗೋಡಿನವರಿಗೆ ಮಂಗಳೂರು ಎಂದರೆ ಬೇರೆ ರಾಜ್ಯ ಎಂಬ ಭಾವನೆ ಇರಲಿಲ್ಲ. ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ತಲಪಾಡಿ ದಾಟಿದರೆ ಆಯಿತು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಆ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆಂಬುಲೆನ್ಸ್‌ಗಳು ತಲಪಾಡಿಯಿಂದ ಹಿಂದಿರುಗಿದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಯಿತು. 2021ರ ಆಗಸ್ಟ್‌ನಲ್ಲಿ ಮತ್ತೆ ಆರ್‌ಟಿಪಿಸಿಆರ್ ಚೀಟಿಯ ಕಾಟ. ದಿನಾ ಬಂದುಹೋಗುವ ವಿದ್ಯಾರ್ಥಿಗೆ, ಅದರಲ್ಲೂ ಮಂಜೇಶ್ವರದ ಕನ್ನಡ ಮಾತಾಡುವ ಹುಡುಗನಿಗೆ, ತಾನು ಪರರಾಜ್ಯದವನು ಎಂದು ಕಲಿಸಿದ್ದು ಆ ಗೇಟು.

ಬಸ್ಸಿನ ಕಥೆಯೇ ಈ ಅವಲೋಕನದ ತಿರುಳು. 2020ರ ಮೇ 19ರಂದು ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಒಂದು ಬಸ್ಸಿಗೆ ಮೂವತ್ತೇ ಜನ. ಬಿಎಂಟಿಸಿಯಲ್ಲಿ ಮೊದಲ ದಿನಗಳಲ್ಲಿ ಟಿಕೆಟ್ ಇಲ್ಲ, ಪಾಸು ಮಾತ್ರ. ದಿನದ ಪಾಸಿಗೆ 70 ರೂಪಾಯಿ. ಎರಡು ಸ್ಟಾಪ್ ದೂರದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೂ ಇಡೀ ದಿನದ ಪಾಸು ಕೊಳ್ಳಬೇಕು. ಸೋಂಕು ನಿಯಂತ್ರಣದ ಹೆಸರಿನಲ್ಲಿ ಬಂದ ಆ ನಿಯಮವನ್ನು ಮಾಡಿದವರು ಬಸ್ಸಿನಲ್ಲಿ ಓಡಾಡುವವರಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆಕೆ ನಡೆದು ಹೋದಳು, ಇಲ್ಲವೇ ಮೂವರು ಸೇರಿ ಆಟೊ ಹಿಡಿದರು. ಆಟೊದಲ್ಲಿ ಇಬ್ಬರಿಗೇ ಅನುಮತಿ ಎಂಬುದು ಬೇರೆ ಮಾತು.

ಹಳ್ಳಿಗಳಲ್ಲಿ ಏಟು ಇನ್ನೂ ಆಳಕ್ಕೆ ಬಿತ್ತು. ಬೆಳಗಿನ ಟ್ರಿಪ್ಪನ್ನು ತುಂಬುತ್ತಿದ್ದವರು ಶಾಲಾ ಕಾಲೇಜಿನ ಮಕ್ಕಳು. ಶಾಲೆ ಮುಚ್ಚಿತು, ಕಲೆಕ್ಷನ್ ಬಿತ್ತು, ಡಿಪೊ ಮ್ಯಾನೇಜರ್ ಟ್ರಿಪ್ ಕೈಬಿಟ್ಟರು. ರಾತ್ರಿ ಊರಿನಲ್ಲೇ ತಂಗಿ ಬೆಳಗಿನ ಜಾವ ಹೊರಡುವ ವಸ್ತಿ ಬಸ್ಸು ಮೊದಲು ಹೋಯಿತು. ಕಂಡಕ್ಟರ್, ಡ್ರೈವರ್ ಊರಿನಲ್ಲಿ ಮಲಗುವುದು ಊರಿಗೂ ಬೇಡ, ಅವರಿಗೂ ಬೇಡ ಎಂಬ ಕಾಲ ಅದು, ಒಪ್ಪೋಣ. ಆದರೆ ಶಾಲೆ ತೆರೆದಾಗ ಎಲ್ಲ ಟ್ರಿಪ್ಪುಗಳೂ ಮರಳಲಿಲ್ಲ. ಬಸ್ಸು ಬಿಡಿ ಎಂದು ಸಮವಸ್ತ್ರದ ಮಕ್ಕಳು ರಸ್ತೆಯಲ್ಲಿ ಕೂತ ಸುದ್ದಿ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬಂತು. ಅದರ ನಡುವೆ 2020ರ ಡಿಸೆಂಬರ್‌ನಲ್ಲಿ ನಾಲ್ಕು ದಿನ, 2021ರ ಏಪ್ರಿಲ್‌ನಲ್ಲಿ ಎರಡು ವಾರ ಸಾರಿಗೆ ನೌಕರರ ಮುಷ್ಕರ. ನೌಕರರ ಬೇಡಿಕೆ ನ್ಯಾಯವೇ ಇತ್ತು, ಹೊತ್ತು ಮಾತ್ರ ಕೆಟ್ಟದ್ದು. ಕರಾವಳಿಯಲ್ಲಿ ಖಾಸಗಿ ಮಾಲೀಕರು ತೆರಿಗೆ ತಪ್ಪಿಸಿಕೊಳ್ಳಲು ಬಸ್ಸಿನ ದಾಖಲೆಗಳನ್ನು ಆರ್‌ಟಿಒಗೆ ಸರೆಂಡರ್ ಮಾಡಿದರು. ಅವುಗಳಲ್ಲಿ ಎಲ್ಲವೂ ಮತ್ತೆ ರೂಟಿಗೆ ಇಳಿಯಲಿಲ್ಲ.

ಈ ಖಾಲಿ ಜಾಗವನ್ನು ತುಂಬಿದ್ದು ಬೈಕು. ಬಸ್ಸಿಲ್ಲದ ಊರಿನಲ್ಲಿ ಮನೆಗೊಂದು ಬೈಕು ಶೋಕಿಯ ಮಾತಲ್ಲ, ಮನೆಯ ಮಗ ಕಂತು ಕಟ್ಟಿ ಕೊಂಡ ಅನಿವಾರ್ಯ. ಉತ್ತರ ಕರ್ನಾಟಕದಲ್ಲಿ ಟಂಟಂ, ಕ್ರೂಸರ್‌ಗಳು ಆಳುಗಳನ್ನು ತುರುಕಿಕೊಂಡು ಓಡಿದವು. ಒಮ್ಮೆ ಕಂತು ಶುರುವಾದರೆ ಮನೆಯ ಲೆಕ್ಕವೇ ಬದಲಾಗುತ್ತದೆ. ಬೈಕು ಹೇಗೂ ಇದೆ, ಪೆಟ್ರೋಲ್ ಹಾಕಿದರೆ ಆಯಿತು, ಬಸ್ಸಿಗೆ ಯಾಕೆ ಕಾಯಬೇಕು? ಗಂಡಸರು ಬಸ್ಸಿನಿಂದ ದೂರವಾದದ್ದಕ್ಕೆ ಸೋಂಕಿನ ಭಯಕ್ಕಿಂತ ಈ ಲೆಕ್ಕವೇ ದೊಡ್ಡ ಕಾರಣ ಎಂದು ನನ್ನ ಎಣಿಕೆ.

ಹಾಗೆ ನಂಬಲು ಪುರಾವೆ ಇದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಯಿತು. ಮಹಿಳೆಯರಿಗೆ ದರ ಸೊನ್ನೆ ಆದ ಕೂಡಲೇ ಬಸ್ಸುಗಳು ಹೇಗೆ ತುಂಬಿದವು ಎಂದರೆ ಧರ್ಮಸ್ಥಳ, ಹೊರನಾಡು ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ಸೇರಿ ದಿನದ ಪ್ರಯಾಣಿಕರ ಸಂಖ್ಯೆ ಒಂದು ಕೋಟಿ ದಾಟಿತು. ಮೂರು ವರ್ಷ ಹಿಂದೆ ಒಂದು ಸೀಟು ಬಿಟ್ಟು ಕೂತವರೇ ಈಗ ಮೂವರ ಸೀಟಿನಲ್ಲಿ ನಾಲ್ವರು. 2025ರ ಜುಲೈಯಲ್ಲಿ ಐನೂರು ಕೋಟಿಯ ಉಚಿತ ಟಿಕೆಟ್ಟನ್ನು ಮುಖ್ಯಮಂತ್ರಿ ತಾವೇ ಹರಿದುಕೊಟ್ಟರು. ಯೋಜನೆಯ ಖರ್ಚಿನ ಬಗ್ಗೆ, ನಿಗಮಗಳಿಗೆ ಸರ್ಕಾರ ಉಳಿಸಿಕೊಂಡ ಬಾಕಿಯ ಬಗ್ಗೆ ಜಗಳ ಇದ್ದೇ ಇದೆ, ಇರಬೇಕು ಕೂಡ. ಆದರೆ ನೂಕುನುಗ್ಗಲಿಗೆ ಹೆದರಿ ಜನ ಬಸ್ಸು ಬಿಟ್ಟರು ಎಂಬ ವಾದ ಆ ಜೂನ್‌ನಲ್ಲೇ ಮುಗಿಯಿತು.

ಬೆಂಗಳೂರಿನ ಹೊರವರ್ತುಲ ರಸ್ತೆಗೆ ಬರೋಣ. ಕೊರೊನಾ ಬರುವ ಕೆಲವೇ ತಿಂಗಳ ಮೊದಲು, 2019ರ ಕೊನೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಬಸ್ಸಿಗೇ ಮೀಸಲಾದ ಪಥ ಬಂದಿತ್ತು. ‘ನಿಂಬಸ್’ ಎಂದು ಹೆಸರಿಟ್ಟಿದ್ದರು. ಐಟಿ ಮಂದಿ ಬಸ್ಸು ಹತ್ತಲು ಮನಸ್ಸು ಮಾಡುತ್ತಿದ್ದ ಕಾಲ. ಲಾಕ್‌ಡೌನಿನಲ್ಲಿ ಕಚೇರಿಗಳು ಖಾಲಿಯಾದವು, ಹಿಂದೆಯೇ ಮೆಟ್ರೊ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. 2020ರಲ್ಲಿ ಅದೇ ರಸ್ತೆಯಲ್ಲಿ ತಾತ್ಕಾಲಿಕ ಸೈಕಲ್ ಪಥದ ಗೂಟಗಳು ಎದ್ದವು, ಅವೂ ಮುರಿದುಬಿದ್ದವು. ಚರ್ಚ್ ಸ್ಟ್ರೀಟನ್ನು ವಾರಾಂತ್ಯದಲ್ಲಿ ನಡೆಯುವವರಿಗೆ ಬಿಟ್ಟುಕೊಟ್ಟ ಪ್ರಯೋಗ ಕೆಲವು ತಿಂಗಳು ಚೆನ್ನಾಗಿ ನಡೆದು ನಿಂತಿತು. ಇವೆಲ್ಲ ಹೋದದ್ದಕ್ಕೆ ಕೊರೊನಾವನ್ನು ದೂರುವಂತಿಲ್ಲ. ಖಾಲಿ ರಸ್ತೆ ಸಿಕ್ಕಿದಾಗ ಅದನ್ನು ಬಸ್ಸಿಗೂ ಸೈಕಲ್ಲಿಗೂ ಗಟ್ಟಿಯಾಗಿ ಬರೆದುಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಮನೆಯಿಂದಲೇ ಕೆಲಸ ಎಂಬುದು ಎರಡು ವರ್ಷ ಮೈಸೂರಿಗೂ ಹುಬ್ಬಳ್ಳಿಗೂ ಮಲೆನಾಡಿನ ಮೂಲೆಗೂ ಮಕ್ಕಳನ್ನು ಮರಳಿಸಿತ್ತು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಬನ್ನಿ ಎಂದಿತು. ಉಳಿದ ಕಂಪನಿಗಳೂ ಒಂದೊಂದಾಗಿ ತಿಂಗಳಿಗೆ ಇಷ್ಟು ದಿನ ಬರಲೇಬೇಕು ಎಂದು ಹಾಜರಿ ಹಿಡಿದವು. 2025ರಲ್ಲಿ ನೋಡಿ, ಅದೇ ಹೊರವರ್ತುಲ ರಸ್ತೆಯ ಕಂಪನಿಗಳ ಮುಂದೆ ಸಂಚಾರ ಪೊಲೀಸರೇ ಕೈಮುಗಿದು, ಬುಧವಾರವಾದರೂ ನೌಕರರನ್ನು ಮನೆಯಲ್ಲಿರಿಸಿ ಎಂದು ಕೇಳುವಂತಾಯಿತು. ಆ ಸೆಪ್ಟೆಂಬರ್‌ನಲ್ಲಿ ವಿಪ್ರೊ ಆವರಣದೊಳಗಿನ ರಸ್ತೆಯಲ್ಲಿ ವಾಹನ ಬಿಡಲು ಅವಕಾಶ ಕೊಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು. ಆಗುವುದಿಲ್ಲ ಎಂಬ ಉತ್ತರ ಬಂತು.

ಉಳಿದ ಒಳ್ಳೆಯದು ಏನೂ ಇಲ್ಲವೇ ಎಂದರೆ, ಇದೆ. ಟಿಕೆಟಿನ ಹಿಂದೆ ಕಂಡಕ್ಟರ್ ಬಾಕಿ ಚಿಲ್ಲರೆ ಬರೆದುಕೊಟ್ಟು, ಇಳಿಯುವ ಗಡಿಬಿಡಿಯಲ್ಲಿ ನಾವು ಮರೆತುಹೋಗುವ ಪದ್ಧತಿಗೆ ಕ್ಯೂಆರ್ ಕೋಡ್ ಬಹುಮಟ್ಟಿಗೆ ಮಂಗಳ ಹಾಡಿದೆ. ಬಸ್ಸಿನಲ್ಲೇ ಪಾರ್ಸೆಲ್ ಸಾಗಿಸಲು 2021ರಲ್ಲಿ ಶುರುವಾದ ‘ನಮ್ಮ ಕಾರ್ಗೊ’ ಇನ್ನೂ ನಡೆಯುತ್ತಿದೆ.

ಇನ್ನು ರೈಲು. ಇಲ್ಲಿ ಎರಡು ಅಂಕಿಗಳನ್ನು ಎದುರುಬದುರು ಇಡಬೇಕು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2019-20ರಲ್ಲಿ ಸುಮಾರು 3.2 ಕೋಟಿ ಪ್ರಯಾಣಿಕರು, ಮರುವರ್ಷ ಅದು 1.1 ಕೋಟಿಗೆ ಕುಸಿದು, 2024-25ಕ್ಕೆ 4 ಕೋಟಿ ದಾಟಿತು. ಭಾರತೀಯ ರೈಲ್ವೆಯಲ್ಲಿ 2019-20ರಲ್ಲಿ 800 ಕೋಟಿಗೂ ಹೆಚ್ಚು ಪ್ರಯಾಣಗಳಾಗಿದ್ದವು, 2023-24ರಲ್ಲಿ ಅದು 700 ಕೋಟಿಯ ಆಸುಪಾಸಿನಲ್ಲೇ ಇತ್ತು. ವಿಮಾನದಲ್ಲಿ ಹೋಗುವವರು ಹಿಂದಿಗಿಂತ ಹೆಚ್ಚಾದರು, ರೈಲಿನಲ್ಲಿ ಹೋಗುವವರು ಹಿಂದಿನಷ್ಟೂ ಆಗಲಿಲ್ಲ. ಸೋಂಕಿಗೆ ಹೆದರಿ ಎನ್ನುವುದಾದರೆ ಮೊದಲು ಹೆದರಬೇಕಾದದ್ದು ಕಿಟಕಿ ತೆರೆಯದ ವಿಮಾನದವರು.

ನಡೆದದ್ದು ಇಷ್ಟು. ರೈಲುಗಳನ್ನು ಮತ್ತೆ ಬಿಟ್ಟಾಗ ‘ವಿಶೇಷ ರೈಲು’ ಎಂದು ಬಿಟ್ಟರು. ಸಣ್ಣ ನಿಲ್ದಾಣಗಳ ನಿಲುಗಡೆ ಎಷ್ಟೋ ಕಡೆ ಹೋಯಿತು. ಕಾಯ್ದಿರಿಸದ ಟಿಕೆಟ್ಟೂ ಇಲ್ಲ, ತಿಂಗಳ ಪಾಸೂ ಇಲ್ಲ ಎಂಬ ಸ್ಥಿತಿ ಬಹುಕಾಲ ಇತ್ತು. ಪ್ಯಾಸೆಂಜರ್ ಗಾಡಿಗೆ ಎಕ್ಸ್‌ಪ್ರೆಸ್ ಎಂಬ ಹೆಸರು ಕೊಟ್ಟು ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತು. ಗಾಡಿಯ ವೇಗ ಏರಲಿಲ್ಲ. ಕೆಜಿಎಫ್, ಬಂಗಾರಪೇಟೆಯಿಂದ ದಿನವೂ ಬೆಂಗಳೂರಿಗೆ ದುಡಿಯಲು ಬರುವವರನ್ನು ಕೇಳಿ, ಮಂಡ್ಯ, ಮದ್ದೂರಿನ ತರಕಾರಿ ಹೆಂಗಸರನ್ನು ಕೇಳಿ, ಆ 20 ರೂಪಾಯಿ ಎಂದರೆ ಏನೆಂದು. ‘ವಿಶೇಷ’ ಎಂಬ ಹಣೆಪಟ್ಟಿ 2021ರ ನವೆಂಬರ್‌ನಲ್ಲಿ ಹೋಯಿತು, ದರ ಮಾತ್ರ ಹಾಗೇ ಇತ್ತು. ಹಳೆಯ ದರ ಬಂದದ್ದು 2024ರ ಫೆಬ್ರುವರಿ ಕೊನೆಗೆ, ಲೋಕಸಭಾ ಚುನಾವಣೆಗೆ ಕೆಲವೇ ವಾರ ಮುಂಚೆ. ಇದರಲ್ಲಿ ಕಾಕತಾಳೀಯ ಎಷ್ಟು ಎಂಬುದನ್ನು ಓದುಗರೇ ಅಳೆಯಲಿ.

ಇಷ್ಟಾದರೂ ಮರಳದೆ ಉಳಿದದ್ದು ಹಿರಿಯ ನಾಗರಿಕರ ರಿಯಾಯಿತಿ. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಇತ್ತು. ವಯಸ್ಸಾದವರು ಅನಗತ್ಯವಾಗಿ ಓಡಾಡದಿರಲಿ ಎಂಬ ಕಾಳಜಿಯ ಕಾರಣ ಕೊಟ್ಟು 2020ರ ಮಾರ್ಚ್ 20ರಿಂದ ಅದನ್ನು ನಿಲ್ಲಿಸಿದರು. ಮೊದಲ ಎರಡೇ ವರ್ಷಗಳಲ್ಲಿ ಏಳು ಕೋಟಿಗೂ ಹೆಚ್ಚು ಹಿರಿಯರು ಪೂರ್ತಿ ದರ ತೆತ್ತರು, ರೈಲ್ವೆಗೆ ಸುಮಾರು 1,500 ಕೋಟಿ ರೂಪಾಯಿ ಹೆಚ್ಚುವರಿ ಬಂತು. ಮಾಸ್ಕ್ ಹೋಯಿತು, ಎ.ಸಿ. ಬೋಗಿಗೆ ಹೊದಿಕೆ ದಿಂಬು 2022ರಲ್ಲೇ ಮರಳಿ ಬಂದವು, ಕಾಳಜಿ ಮಾತ್ರ ಇನ್ನೂ ಮುಂದುವರಿದಿದೆ! ಎಲ್ಲ ಪ್ರಯಾಣಿಕರಿಗೂ ಸರಾಸರಿ ಶೇ 46ರಷ್ಟು ಸಬ್ಸಿಡಿ ಕೊಡುತ್ತಲೇ ಇದ್ದೇವೆ ಎಂಬುದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅವರ ಸಿದ್ಧ ಉತ್ತರ. ಸಬ್ಸಿಡಿ ಮೊದಲೂ ಇತ್ತು, ಅದರ ಮೇಲೆಯೇ ರಿಯಾಯಿತಿಯೂ ಇತ್ತು. ವೆಚ್ಚ ತಾಳಲಾಗುತ್ತಿಲ್ಲ ಎಂದಾದರೆ ಹಾಗೆಂದು ಹೇಳಿ ಸಂಸತ್ತಿನಲ್ಲಿ ಚರ್ಚೆಗಿಡಬಹುದಿತ್ತು. ಕೊರೊನಾದ ನೆರಳಿನಲ್ಲಿ ತೆಗೆದು, ನೆರಳು ಹೋದ ಮೇಲೂ ಸುಮ್ಮನಿರುವುದು ಸರಿಯಲ್ಲ.

ಸ್ಲೀಪರ್ ಮತ್ತು ಮೂರನೇ ದರ್ಜೆಯ ಎ.ಸಿ.ಯಲ್ಲಾದರೂ ರಿಯಾಯಿತಿ ಮರಳಿ ಕೊಡಿ ಎಂದು ಸಂಸತ್ತಿನ ರೈಲ್ವೆ ಸ್ಥಾಯಿ ಸಮಿತಿಯೇ ಶಿಫಾರಸು ಮಾಡಿದೆ. ರೈಲ್ವೆ ಖಾತೆಯ ರಾಜ್ಯ ಸಚಿವ ವಿ. ಸೋಮಣ್ಣ ತುಮಕೂರಿನ ಸಂಸದರು. ಹೊಸ ರೈಲಿಗೆ ಹಸಿರು ನಿಶಾನೆ ತೋರಿಸುವಷ್ಟೇ ಉತ್ಸಾಹದಿಂದ ಈ ಕಡತವನ್ನೂ ಅವರು ಕೈಗೆತ್ತಿಕೊಳ್ಳಲಿ. ರಾಜ್ಯ ಸರ್ಕಾರದ ಪಾಲಿಗೂ ಒಂದು ಕೆಲಸವಿದೆ. 2020ರ ಮಾರ್ಚ್‌ಗೆ ಮೊದಲು ಯಾವ ಡಿಪೊದಿಂದ ಯಾವ ಹಳ್ಳಿಗೆ ಎಷ್ಟು ಟ್ರಿಪ್ ಇತ್ತು, ಇವತ್ತು ಎಷ್ಟಿದೆ ಎಂಬ ಲೆಕ್ಕವನ್ನು ನಾಲ್ಕೂ ನಿಗಮಗಳು ತಾಲ್ಲೂಕುವಾರು ಪ್ರಕಟಿಸಲಿ. ಬಸ್ಸೇ ಬಾರದ ಊರಿನ ಹೆಂಗಸಿಗೆ ‘ಶಕ್ತಿ’ಯ ಉಚಿತ ಟಿಕೆಟ್ ಕೊಟ್ಟರೂ ಆಕೆ ಅದನ್ನು ಬಳಸುವುದು ಯಾವ ಬಸ್ಸಿನಲ್ಲಿ?