ಕಕುದ್ಮಿಯ ಮಗಳು, ಕೂಪರನ ಮೆಕ್ಕೆಜೋಳ

‘ಇಂಟರ್‌ಸ್ಟೆಲ್ಲಾರ್’ ಚಿತ್ರ ನಮ್ಮ ದೇಶದಲ್ಲಿ 2014ರ ನವೆಂಬರಿನಲ್ಲಿ ಒಮ್ಮೆ ತೆರೆ ಕಂಡಿತು, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಬಂತು. ಈ ನಡುವೆ, ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಎಣಿಸಿಯೂ ಇರದ ಅರ್ಥಗಳನ್ನು ನಮ್ಮ ಜನ ಅದಕ್ಕೆ ಹಚ್ಚಿದ್ದಾರೆ. ದಾವಣಗೆರೆ ಮಗ್ಗುಲಿನ ಆವರಗೆರೆಯ ನಮ್ಮ ಮನೆಯ ಟಿವಿ ಮುಂದೆ ನಾನು ಕೇಳಿಸಿಕೊಂಡವೇ ಒಂದು ರಾತ್ರಿಯ ಹರಿಕಥೆಗೆ ಸಾಕು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಇಂಥ ವ್ಯಾಖ್ಯಾನ ಕೇಳಿದರೆ ಸಿಡಿಮಿಡಿಗೊಳ್ಳುವ ವಿಜ್ಞಾನದ ಮೇಷ್ಟ್ರುಗಳು ಬಹಳ ಮಂದಿ. ನನಗೆ ನಗು ಬರುತ್ತದೆ, ಖುಷಿಯೂ ಆಗುತ್ತದೆ. ಮೂರು ತಾಸಿನ ಕಷ್ಟದ ಸಿನಿಮಾ ನೋಡಿ ಎದ್ದವರು ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಅರ್ಥಕ್ಕಾಗಿ ಜಗಳ ಆಡುತ್ತಿದ್ದಾರೆ ಎಂದರೆ, ಆ ಸಿನಿಮಾ ಅವರನ್ನು ಮುಟ್ಟಿದೆ.

ಎಲ್ಲಕ್ಕಿಂತ ಮೊದಲು ಬರುವುದು ಕಕುದ್ಮಿಯ ಕಥೆ. ಭಾಗವತದ ಒಂಬತ್ತನೆಯ ಸ್ಕಂಧದ ಈ ರಾಜ ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆದಿರುತ್ತದೆ. ಮುಗಿಯಲೆಂದು ಒಂದು ಗಳಿಗೆ ಕಾಯುತ್ತಾನೆ. ಆಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ: ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಉರುಳಿವೆ, ನೀನು ಮನಸ್ಸಿನಲ್ಲಿಟ್ಟುಕೊಂಡ ವರರ ಮೊಮ್ಮಕ್ಕಳೂ ಈಗಿಲ್ಲ. ಪುರಾಣದ ಲೆಕ್ಕದಲ್ಲಿ ಅದು 11 ಕೋಟಿ 66 ಲಕ್ಷ ವರ್ಷಕ್ಕೂ ಹೆಚ್ಚು. ಸಿನಿಮಾದಲ್ಲಿ ಗಾರ್ಗಾಂಟುವಾ ಎಂಬ ಕಪ್ಪುಕುಳಿಯ ಬಳಿಯ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಕಳೆಯುತ್ತದೆ. “ನಮ್ಮದರ ಮುಂದೆ ಅವರದೇನೈತ್ರಿ ಮೇಷ್ಟ್ರೇ, ಬರೀ ಏಳು ವರ್ಷ!” ಎಂದು ಪಕ್ಕದ ಮನೆಯ ಹಿರಿಯರು ಗೆದ್ದೇಬಿಟ್ಟರು.

ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿದರೆ ನಷ್ಟ ನಮಗೇ. ಕಕುದ್ಮಿ ಮಗಳನ್ನು ಜೊತೆಗೆ ಕರೆದೊಯ್ದ, ಹಾಗಾಗಿ ಇಬ್ಬರಿಗೂ ವಯಸ್ಸಾಗಲಿಲ್ಲ. ರೇವತಿ ಬಂದು ಬಲರಾಮನನ್ನು ಮದುವೆಯಾದಳು. ಸಿನಿಮಾದ ನಾಯಕ ಕೂಪರ್ ಮಗಳನ್ನು ಭೂಮಿಯಲ್ಲೇ ಬಿಟ್ಟುಹೋದ, ಅವನು ಮರಳುವಷ್ಟರಲ್ಲಿ ಅವಳು ಹಣ್ಣು ಮುದುಕಿ. ಒಂದೇ ಬಗೆಯ ಕಾಲದಿಂದ ಒಂದು ಕಡೆ ಮದುವೆಯ ಕಥೆ ಹುಟ್ಟಿತು, ಇನ್ನೊಂದು ಕಡೆ ಅಗಲಿಕೆಯ ಕಥೆ. ಇದನ್ನು ಹೇಳಿದಾಗ ಆ ಹಿರಿಯರು ಸುಮಾರು ಹೊತ್ತು ಮಾತಾಡಲಿಲ್ಲ. ಅವರ ಮಗಳು ಇರುವುದು ಅಮೆರಿಕದಲ್ಲಿ.

ನನಗೆ ಬಲು ಇಷ್ಟವಾದದ್ದು ಹರಿಹರದ ವ್ಯಾಖ್ಯಾನ. ಹೇಳಿದವನು ಹೆಂಡತಿಯ ತಮ್ಮ. 1224ರಲ್ಲಿ ಹೊಯ್ಸಳರ ಕಾಲಕ್ಕೆ ಎದ್ದ ಹರಿಹರೇಶ್ವರನ ಗುಡಿಯ ಆಸುಪಾಸಿನಲ್ಲೇ ಬೆಳೆದವನು. “ಭಾವ, ಇದು ಗುಹಾಸುರನ ಕಥೆನಾ ಐತಿ” ಎಂದ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದ ಅಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಿ ಬರಬೇಕಾಯಿತು. ಸಿನಿಮಾದ ಪ್ರೊಫೆಸರ್ ಬ್ರ್ಯಾಂಡ್ ಬಿಡಿಸಲಾಗದೆ ಒದ್ದಾಡುವ ಸಮೀಕರಣದ್ದೂ ಅದೇ ಪಾಡು: ದೊಡ್ಡದರ ಲೆಕ್ಕ ಹೇಳುವ ಐನ್‌ಸ್ಟೈನರ ಸಾಪೇಕ್ಷತೆ ಒಂದೇ ಸಾಲದು, ಸಣ್ಣದರ ಲೆಕ್ಕ ಹೇಳುವ ಕ್ವಾಂಟಮ್ ಒಂದೇ ಸಾಲದು, ಎರಡೂ ಕೂಡಬೇಕು. ಇಷ್ಟು ಚೆನ್ನಾಗಿ ಇದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ಹೊರಗಿನ ಲೋಕದಲ್ಲಿ ಆ ಎರಡನ್ನು ಕೂಡಿಸುವ ಕೆಲಸ ಇನ್ನೂ ಮುಗಿದಿಲ್ಲ ಎಂದು ನಾನು ಸೇರಿಸಿದೆ. “ಹಂಗಾರೆ ಗುಹಾಸುರ ಇನ್ನೂ ಬದುಕ್ಯಾನ” ಎಂದ. ಹೌದು, ಬದುಕಿದ್ದಾನೆ.

ನನ್ನ ತಕರಾರು ಇರುವುದು “ಎಲ್ಲಾ ನಮ್ಮಲ್ಲೇ ಇತ್ತು” ಎಂದು ಎದ್ದುಹೋಗುವವರ ಬಗ್ಗೆ. ಆ ಮಾತಿನ ಮೇಲೆ ಮಕ್ಕಳು ಕೇಳಬೇಕಾದ ಪ್ರಶ್ನೆಯೇ ಹುಟ್ಟುವುದಿಲ್ಲ. ಬ್ರಹ್ಮಲೋಕದ ಕಾಲ ನಿಧಾನ ಎಂದು ಪುರಾಣ ಹೇಳುತ್ತದೆ. ಎಷ್ಟು ಗುರುತ್ವಕ್ಕೆ ಎಷ್ಟು ನಿಧಾನ ಎಂಬುದಕ್ಕೆ ಐನ್‌ಸ್ಟೈನರ 1915ರ ಸಮೀಕರಣ ಬೇಕು. ಆ ಲೆಕ್ಕ ಬರೀ ಸಿನಿಮಾಕ್ಕಲ್ಲ: ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಸುಮಾರು ಹತ್ತು ಕಿಲೋಮೀಟರ್ ತಪ್ಪು ತೋರಿಸುತ್ತದೆ. ದಾವಣಗೆರೆಗೆ ಹೊರಟವನು ಹರಿಹರದ ದಾರಿ ಹಿಡಿದಾನು. ಈ ಚಿತ್ರಕ್ಕೆ ಸಲಹೆ ಕೊಟ್ಟ ಕಿಪ್ ಥಾರ್ನ್ 2017ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ. ತೆರೆಯ ಮೇಲಿನ ಗಾರ್ಗಾಂಟುವಾ ಮೂಡಿದ್ದು ಅವರು ಕೊಟ್ಟ ಸಮೀಕರಣಗಳಿಂದ.

ಇನ್ನೊಂದು ವ್ಯಾಖ್ಯಾನ ಬಂದದ್ದು ಮೆಕ್ಕೆಜೋಳ ಬೆಳೆಯುವ ನೆರೆಯವರಿಂದ. ಪುರಾಣದ ಸುದ್ದಿಗೇ ಅವರು ಹೋಗಲಿಲ್ಲ. “ಮೇಷ್ಟ್ರೇ, ಇದು ನಮ್ಮ ಹೊಲದ ಸಿನಿಮಾ. ಅವರಿಗೆ ಗೋಧಿ ಹೋತು, ಬೆಂಡೆಕಾಯಿ ಹೋತು, ಮೆಕ್ಕೆಜೋಳ ಒಂದು ಉಳೀತು. ನಮಗೂ ಹತ್ತಿ ಹೋತು, ನವಣೆ ಹೋತು, ಸಜ್ಜೆ ಹೋತು.” ಎಲ್ಲರೂ ನಕ್ಕರು. ಕಪ್ಪುಕುಳಿಯ ಸಿನಿಮಾವನ್ನು ಎಪಿಎಂಸಿ ಅಂಗಳಕ್ಕೆ ಎಳೆತಂದರಲ್ಲ ಎಂಬ ನಗು. ನನ್ನ ಮಟ್ಟಿಗೆ ಅಂದು ಅವರಷ್ಟು ಸರಿಯಾಗಿ ಚಿತ್ರ ನೋಡಿದವರು ಬೇರೆ ಯಾರೂ ಇರಲಿಲ್ಲ. ಕೂಪರ್ ಬಾಹ್ಯಾಕಾಶಕ್ಕೆ ಹೊರಡುವುದೇ ಬೆಳೆರೋಗಕ್ಕೆ ಹೆದರಿ, ದೂಳಿಗೆ ಹೆದರಿ. ಚಿತ್ರದ ಮೊದಲಿಗೆ ದೂಳಿನ ದಿನಗಳನ್ನು ನೆನೆಯುವ ಮುದುಕರಲ್ಲಿ ಹೆಚ್ಚಿನವರು ನಟರಲ್ಲ. 1930ರ ದಶಕದಲ್ಲಿ ಅಮೆರಿಕದ ಹೊಲಗಳನ್ನು ನುಂಗಿದ ದೂಳಿನ ಬಿರುಗಾಳಿ ಕಂಡವರು. ಕೆನ್ ಬರ್ನ್ಸ್ ಅವರ ಸಾಕ್ಷ್ಯಚಿತ್ರದಿಂದ ತಂದ ತುಣುಕುಗಳವು. ಚಿತ್ರೀಕರಣಕ್ಕೆಂದು ನೋಲನ್ ಕೆನಡಾದಲ್ಲಿ 500 ಎಕರೆ ಮೆಕ್ಕೆಜೋಳ ಬೆಳೆಸಿ, ಮಾರಿ ಲಾಭವನ್ನೂ ಮಾಡಿಕೊಂಡರು. ಇದನ್ನು ಕೇಳಿ ನಮ್ಮ ನೆರೆಯವರಿಗೆ ಆದ ಆಶ್ಚರ್ಯ ಕಪ್ಪುಕುಳಿ ನೋಡಿದಾಗಲೂ ಆಗಿರಲಿಲ್ಲ.

ಮೆಕ್ಕೆಜೋಳವೂ ದೂರಾನ್ವಯದಿಂದ ತಪ್ಪಿಸಿಕೊಂಡಿಲ್ಲ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಕೊಲಂಬಸನಿಗಿಂತ ಮೊದಲೇ ಅದು ಇಲ್ಲಿತ್ತು ಎಂದು 1989ರಲ್ಲಿ ಬರೆದವರು ಅಮೆರಿಕದ ವಿದ್ವಾಂಸರು. ನಮ್ಮ ಸಸ್ಯವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಅದನ್ನು ಅಲ್ಲಗಳೆದರು. ಕಂಡದ್ದರಲ್ಲೆಲ್ಲ ತಮ್ಮದನ್ನು ಕಾಣುವ ಚಪಲ ಎಲ್ಲ ದೇಶದವರಿಗೂ ಇದೆ, ಅದನ್ನು ಪರೀಕ್ಷೆಗೆ ಒಡ್ಡುವವರೂ ಎಲ್ಲ ಕಡೆ ಬೇಕು.

ಮತ್ತೆ ನೆರೆಯವರ ಹೊಲಕ್ಕೇ ಬರೋಣ. ಮೆಕ್ಕೆಜೋಳ ತಿನ್ನುವ, ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅದೇ ವರ್ಷ ದಾವಣಗೆರೆಯ ಮೆಕ್ಕೆಜೋಳದ ಸುಳಿಯಲ್ಲೂ ಕೂತಿತು. ಒಂದೇ ಬೆಳೆಯನ್ನು ನೆಚ್ಚಿದ ಸೀಮೆಗೆ ಒಂದು ಹುಳು ಏನು ಮಾಡಬಲ್ಲದು ಎಂದು ಆ ನೆರೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮ ಭಾಗದ ಪ್ರೌಢಶಾಲೆಗಳ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಮುಂಗಾರಿನಲ್ಲಿ ಪೈರು ಮೊಣಕಾಲುದ್ದ ಬಂದಾಗ ಈ ಚಿತ್ರದ ಮೊದಲ ಭಾಗವನ್ನಾದರೂ ಮಕ್ಕಳಿಗೆ ತೋರಿಸಿ, ಅವರ ಅಜ್ಜ ಅಜ್ಜಿಯರನ್ನೂ ಕರೆಯಿರಿ. ಯಾರು ಏನೇ ಅರ್ಥ ಹೇಳಲಿ, ನಕ್ಕು ಬೋರ್ಡಿನ ಮೇಲೆ ಬರೆಯಿರಿ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಮಕ್ಕಳಿಂದಲೇ ಹೇಳಿಸಿ. ಆವರಗೆರೆಯಲ್ಲಿ ಯಾವ ಶಾಲೆ ಮುಂದೆ ಬಂದರೂ ಪ್ರೊಜೆಕ್ಟರ್ ಹೊತ್ತು ತರಲು ನಾನು ಸಿದ್ಧ.